ಕಾಗುಣಿತದ ತಪ್ಪು ಹುಡುಕಿ ಪ್ರಯೋಜನವಿಲ್ಲ, ವಿಳಾಸ ಓದುವುದನ್ನು ಕಲಿಸಿ

ಮಾನ್ಯ ಸಂಪಾದಕರೇ,

ಆನ್‌ಲೈನ್ ಖಾತೆಗಳಿಗೆ ಕನ್ನ ಹಾಕುವ ಫಿಶಿಂಗ್ ಇಮೇಲ್‌ಗಳ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಎಚ್ಚರಿಕೆಯ ಚೌಕಗಳು ಬರುತ್ತವೆ. ಅವುಗಳಲ್ಲಿ ಮೂರು ಮಾತು ತಪ್ಪದೆ ಇರುತ್ತವೆ. ಭಾಷೆಯಲ್ಲಿ ದೋಷವಿದ್ದರೆ ಅನುಮಾನಿಸಿ, ಬ್ರೌಸರ್‌ನಲ್ಲಿ ಬೀಗದ ಚಿತ್ರ ಇದೆಯೇ ನೋಡಿ, ಅಪರಿಚಿತರ ಮೇಲ್ ತೆರೆಯಬೇಡಿ. ಮೂರೂ ಹಳಸಿವೆ. ಹಳಸಿದ ಅನ್ನದಂತೆ ಹಳಸಿದ ಸಲಹೆಯೂ ಅಪಾಯವೇ. ಅದನ್ನು ನಂಬಿಕೊಂಡವರ ಮುಂದೆ ಶುದ್ಧ ಭಾಷೆ, ಬೀಗದ ಗುರುತು, ಪರಿಚಿತ ಹೆಸರು ಮೂರೂ ಇರುವ ಮೇಲ್ ಬಂದು ಕುಳಿತರೆ, ಪರೀಕ್ಷೆ ಮಾಡಿದ್ದಾಯಿತು ಎಂಬ ಧೈರ್ಯದಲ್ಲಿ ಪಾಸ್‌ವರ್ಡ್ ಟೈಪ್ ಮಾಡಿಬಿಡುತ್ತಾರೆ.

ಭಾಷೆಯ ವಿಷಯ ಬೇಗ ಮುಗಿಯುತ್ತದೆ. ಕಳ್ಳರು ಒಕ್ಕಣೆಯನ್ನು ತಾವೇ ಬರೆಯುವುದು ಕಡಿಮೆ. ಅಸಲಿ ಕಂಪನಿ ಕಳಿಸಿದ ಮೇಲನ್ನೇ ಲೋಗೊ, ಬಣ್ಣ, ಅಡಿಯಲ್ಲಿರುವ ಸಣ್ಣಕ್ಷರದ ಕಾನೂನು ಟಿಪ್ಪಣಿ ಸಮೇತ ನಕಲು ಮಾಡಿ, ಒಳಗಿನ ಒಂದು ಬಟನ್ ಎಲ್ಲಿಗೆ ಹೋಗಬೇಕು ಎಂಬುದನ್ನಷ್ಟೇ ಬದಲಾಯಿಸುತ್ತಾರೆ. ನಕಲಿಗೆ ಮೂಲ ಸಿಗದಿದ್ದರೂ ಚಿಂತೆಯಿಲ್ಲ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಅಚ್ಚುಕಟ್ಟಾದ ಪತ್ರ ಬರೆಸಿಕೊಳ್ಳುವುದು ನಿಮಿಷದ ಕೆಲಸ. ಅಸಲಿ ಕಂಪನಿಗಳ ಕನ್ನಡ ಮೇಲ್‌ಗಳಲ್ಲೇ ಅನುವಾದದ ಎಡವಟ್ಟು ಹೆಚ್ಚು ಸಿಗುತ್ತದೆ ಎನ್ನುವುದು ಬೇರೆ ಮಾತು.

ಬೀಗದ ಚಿತ್ರಕ್ಕೆ ಬರೋಣ. ನಿಮ್ಮ ಬ್ರೌಸರ್‌ಗೂ ಆ ತಾಣಕ್ಕೂ ನಡುವೆ ಹರಿಯುವ ಮಾಹಿತಿಯನ್ನು ದಾರಿಯಲ್ಲಿ ಬೇರೆ ಯಾರೂ ಓದಲಾರರು ಎಂಬುದಷ್ಟೇ ಅದರ ಅರ್ಥ. ಆ ತುದಿಯಲ್ಲಿ ಕೂತವನು ಯಾರು ಎಂದು ಅದು ಹೇಳುವುದಿಲ್ಲ. ಈ ಗುರುತಿಗೆ ಬೇಕಾದ ಪ್ರಮಾಣಪತ್ರಕ್ಕೆ ಮೊದಲು ಸಾಮಾನ್ಯವಾಗಿ ಹಣ ಕೊಡಬೇಕಿತ್ತು. 2015ರ ಡಿಸೆಂಬರ್‌ನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಅದನ್ನು ಎಲ್ಲರಿಗೂ ಉಚಿತವಾಗಿ, ಯಾಂತ್ರಿಕವಾಗಿ ಕೊಡಲು ಶುರುಮಾಡಿತು. ಒಳ್ಳೆಯ ಕೆಲಸವೇ, ಆದರೆ ಕಳ್ಳನ ತಾಣಕ್ಕೂ ಅದೇ ಬೀಗ ಸಿಗುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಜನ ಈ ಚಿತ್ರವನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಿದ್ದಾರೆ, ಫಿಶಿಂಗ್ ತಾಣಗಳೂ ಹೆಚ್ಚುಕಡಿಮೆ ಎಲ್ಲವೂ ಇದನ್ನೇ ಧರಿಸಿವೆ ಎಂಬ ಕಾರಣ ಕೊಟ್ಟು 2023ರ ಸೆಪ್ಟೆಂಬರ್‌ನಲ್ಲಿ ಗೂಗಲ್ ತನ್ನ ಕ್ರೋಮ್‌ನಿಂದ ಬೀಗದ ಚಿತ್ರವನ್ನೇ ತೆಗೆದುಹಾಕಿತು. ಚಿತ್ರ ಹೋದರೂ ಅದನ್ನು ಹುಡುಕಿ ಎನ್ನುವ ಸಲಹೆ ಮಾತ್ರ ಉಳಿದಿದೆ.

ಮೂರನೆಯದು ಕಳಿಸಿದವರ ಹೆಸರು. ಅಂಚೆ ಲಕೋಟೆಯ ಹಿಂದೆ ‘ಇಂದ’ ಎಂದು ಯಾರು ಯಾರ ಹೆಸರನ್ನು ಬೇಕಾದರೂ ಬರೆಯಬಹುದಲ್ಲ, ಇಮೇಲ್‌ನಲ್ಲೂ ಅಷ್ಟೆ. ಮೇಲ್ ಸಾಗಿಸುವ ಎಸ್‌ಎಂಟಿಪಿ ಎಂಬ ನಿಯಮಾವಳಿ 1982ರದು. ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಜಾಲಕ್ಕೆಂದು ಹೆಣೆದದ್ದು. ಕಳಿಸಿದವನು ನಿಜವಾಗಿ ಅವನೇನಾ ಎಂದು ಕೇಳುವ ಪರಿಪಾಠ ಅದರಲ್ಲಿ ಇರಲೇ ಇಲ್ಲ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ತೇಪೆಗಳನ್ನು ಆಮೇಲೆ ಹಚ್ಚಲಾಯಿತು. ಮೊದಲನೆಯದು ‘ಈ ಸಂಸ್ಥೆಯ ಹೆಸರಿನಲ್ಲಿ ಮೇಲ್ ಕಳಿಸಲು ಈ ಸರ್ವರ್‌ಗಳಿಗೆ ಮಾತ್ರ ಅಪ್ಪಣೆ’ ಎಂಬ ಪಟ್ಟಿ. ಎರಡನೆಯದು ಪ್ರತಿ ಮೇಲ್‌ಗೂ ಹಾಕುವ ಡಿಜಿಟಲ್ ಸಹಿ. ಮೂರನೆಯದು ಇವೆರಡರಲ್ಲಿ ಒಂದಾದರೂ ಓದುಗನ ಕಣ್ಣಿಗೆ ಬೀಳುವ ವಿಳಾಸಕ್ಕೆ ತಾಳೆಯಾಗುತ್ತದೆಯೇ ಎಂದು ನೋಡಿ, ತಾಳೆಯಾಗದಿದ್ದರೆ ಏನು ಮಾಡಬೇಕೆಂದು ಹೇಳುತ್ತದೆ. 2024ರ ಫೆಬ್ರುವರಿಯಿಂದ ಜಿಮೇಲ್ ತನ್ನ ಬಳಕೆದಾರರಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ ಈ ಮೂರನ್ನೂ ಕಡ್ಡಾಯ ಮಾಡಿದೆ. ಯಾಹೂ ಕೂಡ ಅದೇ ಸಮಯದಲ್ಲಿ ನಿಯಮ ಬಿಗಿಮಾಡಿತು.

ಇದನ್ನು ನಾವೇ ನೋಡಬಹುದು. ಫೋನಿನಲ್ಲಿ ಮೇಲ್ ಆ್ಯಪ್‌ಗಳು ಸಾಮಾನ್ಯವಾಗಿ ಹೆಸರನ್ನು ಮಾತ್ರ ತೋರಿಸಿ ವಿಳಾಸವನ್ನು ಮಡಚಿಟ್ಟಿರುತ್ತವೆ. ಜಿಮೇಲ್‌ನಲ್ಲಾದರೆ ಹೆಸರಿನ ಕೆಳಗೆ ‘ಟು ಮಿ’ ಎಂದಿರುವ ಕಡೆ ಒತ್ತಿದರೆ ಪೂರ್ತಿ ವಿಳಾಸ ಬಿಚ್ಚಿಕೊಳ್ಳುತ್ತದೆ. ಕಂಪ್ಯೂಟರಿನಲ್ಲಿ ಅದೇ ಜಾಗದಲ್ಲಿ ‘ಸೈನ್ಡ್ ಬೈ’ ಎಂಬ ಸಾಲಿನಲ್ಲಿ ಸಹಿ ಯಾರದು ಎಂದಿರುತ್ತದೆ. ಮೂರು ಚುಕ್ಕಿಯ ಮೆನುವಿನಲ್ಲಿ ‘ಶೋ ಒರಿಜಿನಲ್’ ಒತ್ತಿದರೆ ಮೂರೂ ತಪಾಸಣೆಗಳ ಫಲಿತಾಂಶ ಪಾಸ್ ಅಥವಾ ಫೇಲ್ ಎಂದು ಕಾಣುತ್ತದೆ. ಫೇಲ್ ಆಗಿದ್ದರೆ ಕಾರಣವಿಲ್ಲದೆ ಆಗಿರುವುದಿಲ್ಲ. ಪಾಸ್ ಆಗಿದ್ದರೆ ಮಾತ್ರ ಹಿಗ್ಗಬೇಡಿ. ಆ ವಿಳಾಸದಿಂದಲೇ ಬಂದಿದೆ ಎಂಬುದಷ್ಟೇ ಅದರಿಂದ ಖಚಿತವಾಯಿತು. ಕಳ್ಳ ತಾನೇ ಒಂದು ಡೊಮೇನ್, ಅಂದರೆ ತಾಣದ ಹೆಸರು, ಕೊಂಡು, ಅದಕ್ಕೆ ಸರಿಯಾಗಿ ಸಹಿ ಹಾಕಿಸಿ ಕಳಿಸಿದರೂ ಪಾಸ್. ನಿಮ್ಮ ಸ್ನೇಹಿತನ ಖಾತೆಯನ್ನು ಕದ್ದು ಅದರೊಳಗಿಂದಲೇ ಕಳಿಸಿದರೂ ಪಾಸ್. ಅಪರಿಚಿತರ ಮೇಲ್ ತೆರೆಯಬೇಡಿ ಎನ್ನುವ ಮಾತು ಇಲ್ಲಿಗೆ ಸತ್ತಿತು.

ಹಾಗಾಗಿ ಕೊನೆಗೂ ಎಲ್ಲ ಬಂದು ನಿಲ್ಲುವುದು ವಿಳಾಸ ಓದುವ ವಿದ್ಯೆಯ ಮೇಲೆ. ಇದನ್ನೇ ಯಾರೂ ಕಲಿಸುತ್ತಿಲ್ಲ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

‘ನಮ್ಮಖಾತೆ.ಕಾಮ್’ ಎಂಬುದು ಅಸಲಿ ತಾಣ ಎಂದುಕೊಳ್ಳಿ. ಬ್ರೌಸರ್‌ನ ಮೇಲ್ಭಾಗದ ಪಟ್ಟಿಯಲ್ಲಿ ಎರಡು ಓರೆಗೆರೆಗಳ ನಂತರ ಶುರುವಾಗಿ, ಮುಂದಿನ ಮೊದಲ ಒಂಟಿ ಓರೆಗೆರೆಗೆ ಮುಗಿಯುವ ಭಾಗ ಮಾತ್ರ ಮುಖ್ಯ. ಅದನ್ನು ಹಿಂದಿನಿಂದ ಮುಂದಕ್ಕೆ ಓದಬೇಕು. ಅಂಚೆ ವಿಳಾಸದಲ್ಲಿ ಮನೆ, ಬೀದಿ ಮೊದಲು ಬಂದು ಊರು ಕೊನೆಗೆ ಬರುವ ಹಾಗೆ, ಇಲ್ಲೂ ಯಜಮಾನನ ಹೆಸರು ಕೊನೆಯಲ್ಲೇ ಇರುವುದು. ‘ಲಾಗಿನ್.ನಮ್ಮಖಾತೆ.ಕಾಮ್/ಭದ್ರತೆ’ ಎಂದಿದ್ದರೆ ಓರೆಗೆರೆಯ ಹಿಂದೆ ಕಾಮ್, ಅದರ ಹಿಂದೆ ನಮ್ಮಖಾತೆ. ಸರಿ. ‘ನಮ್ಮಖಾತೆ.ಕಾಮ್.ವೆರಿಫೈಸೆಂಟರ್.ಟಾಪ್/ಲಾಗಿನ್’ ಎಂದಿದ್ದರೆ ಓರೆಗೆರೆಯ ಹಿಂದೆ ಟಾಪ್, ಅದರ ಹಿಂದೆ ವೆರಿಫೈಸೆಂಟರ್. ಮನೆಯ ಯಜಮಾನ ಅವನು. ಮುಂದೆ ಇರುವ ನಮ್ಮಖಾತೆ, ಕಾಮ್ ಎರಡೂ ಅವನು ತನ್ನ ಬಾಗಿಲಿಗೆ ಅಂಟಿಸಿಕೊಂಡ ಬೋರ್ಡು. ಫೋನಿನ ಕಿರಿದಾದ ಪರದೆಯಲ್ಲಿ ವಿಳಾಸದ ಮುಂಭಾಗ ಮಾತ್ರ ಕಂಡು ಬಾಲ ಮರೆಯಾದರೆ ಈ ಬೋರ್ಡಿಗೆ ಮೋಸಹೋಗುವುದು ಸುಲಭ. ಪಟ್ಟಿಯ ಮೇಲೆ ಒತ್ತಿ, ಬಲಕ್ಕೆ ಎಳೆದು ನೋಡಬೇಕು. ಕೋ.ಇನ್, ಕೋ.ಯುಕೆ ಎಂದು ಎರಡು ತುಂಡುಗಳಲ್ಲಿ ಮುಗಿಯುವ ವಿಳಾಸಗಳಲ್ಲಿ ಯಜಮಾನ ಇನ್ನೊಂದು ಹೆಜ್ಜೆ ಹಿಂದಿರುತ್ತಾನೆ.

ಇನ್ನೆರಡು ಕೈಚಳಕಗಳಿವೆ. ವಿಳಾಸದ ಈ ಮುಖ್ಯ ಭಾಗದ ನಡುವೆ ‘ಅಟ್’ ಚಿಹ್ನೆ (@) ಬಂದರೆ, ಅದಕ್ಕಿಂತ ಮೊದಲಿರುವುದನ್ನೆಲ್ಲ ಬ್ರೌಸರ್ ಬಳಕೆದಾರನ ಹೆಸರು ಎಂದು ಪಕ್ಕಕ್ಕಿಟ್ಟು, ಚಿಹ್ನೆಯ ನಂತರದ ತಾಣಕ್ಕೆ ಹೋಗುತ್ತದೆ. ಅಂದರೆ ಅಸಲಿ ಹೆಸರನ್ನು ಪೂರ್ತಿಯಾಗಿ ಮೊದಲಿಗೆ ಬರೆದು, ಅಟ್ ಹಾಕಿ, ಕಳ್ಳನ ವಿಳಾಸ ಬರೆದರಾಯಿತು. ಇನ್ನೊಂದು ಅಕ್ಷರಗಳ ಹೋಲಿಕೆ. ಇಂಗ್ಲಿಷಿನ ಸಣ್ಣ ಆರ್ ಪಕ್ಕ ಎನ್ ಬರೆದರೆ ಎಂ ಅಕ್ಷರದಂತೆ, ದೊಡ್ಡ ಐ ಬರೆದರೆ ಸಣ್ಣ ಎಲ್ ಅಕ್ಷರದಂತೆ ಕಾಣುತ್ತದೆ. ಇದಾದರೂ ಕಣ್ಣಗಲಿಸಿದರೆ ಸಿಗುತ್ತದೆ. ಕನ್ನಡದ ಗ ಮತ್ತು ತೆಲುಗಿನ ಗ ನಮ್ಮ ಕಣ್ಣಿಗೆ ಹೆಚ್ಚುಕಡಿಮೆ ಒಂದೇ ಆದರೂ ಕಂಪ್ಯೂಟರಿಗೆ ಎರಡು ಬೇರೆ ಬೇರೆ ಅಕ್ಷರಗಳು; ಅದೇ ರೀತಿ ರಷ್ಯನ್ ಲಿಪಿಯ ಅ, ಒ, ಎಸ್ ಧ್ವನಿಗಳ ಅಕ್ಷರಗಳು ಇಂಗ್ಲಿಷಿನ ಎ, ಒ, ಸಿ ಅಕ್ಷರಗಳ ತದ್ರೂಪು. 2017ರಲ್ಲಿ ಸಂಶೋಧಕರೊಬ್ಬರು ರಷ್ಯನ್ ಲಿಪಿಯ ಅಕ್ಷರಗಳಿಂದಲೇ ಆಪಲ್ ಕಂಪನಿಯ ವಿಳಾಸದ ತದ್ರೂಪನ್ನು ನೋಂದಾಯಿಸಿ ತೋರಿಸಿದರು. ಆಗಿನ ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಪಟ್ಟಿಯಲ್ಲಿ ಆಪಲ್ ಎಂದೇ ಕಾಣುತ್ತಿತ್ತು. ಬ್ರೌಸರ್‌ಗಳು ಈಗ ಇಂಥ ಅನೇಕ ವಿಳಾಸಗಳನ್ನು ‘ಎಕ್ಸ್ಎನ್’ ಎಂದು ಶುರುವಾಗುವ ಗೋಜಲು ಅಕ್ಷರಗಳಲ್ಲಿ ತೋರಿಸುತ್ತವೆ. ಕಂಡರೆ ಹಿಂದಿರುಗಿ.

ಲಿಂಕನ್ನು ಒತ್ತುವ ಮೊದಲೇ ಪರೀಕ್ಷಿಸಿ ಎಂದು ಹೇಳುವುದಿದೆ: ಕಂಪ್ಯೂಟರಿನಲ್ಲಿ ಮೌಸ್ ಮೇಲಿಟ್ಟು, ಫೋನಿನಲ್ಲಿ ಬೆರಳು ಒತ್ತಿಹಿಡಿದು. ಮಾಡಿ, ಆದರೆ ಪೂರ್ತಿ ಭರವಸೆ ಇಡಬೇಡಿ. ಮೇಲ್‌ನಲ್ಲಿರುವ ಲಿಂಕ್ ಹೆಸರಾಂತ ತಾಣದ್ದೇ ಆಗಿದ್ದು, ಅಲ್ಲಿಂದ ಮತ್ತೊಂದಕ್ಕೆ, ಮತ್ತೊಂದಕ್ಕೆ ದಾಟಿಸುವ ಏರ್ಪಾಟು ಇರಬಹುದು. ತಲುಪಿದ ಮೇಲೆ ಪಟ್ಟಿಯಲ್ಲಿ ಏನಿದೆ ಎಂಬುದೇ ಲೆಕ್ಕ. ಲಿಂಕ್ ಇಲ್ಲದೆ ಕ್ಯೂಆರ್ ಕೋಡ್ ಮಾತ್ರ ಇರುವ ಮೇಲ್ ಬಂದರೆ ಇನ್ನೂ ಹುಷಾರು. ಅದು ಚಿತ್ರವಾದ್ದರಿಂದ ಮೇಲ್ ಸೋಸುವ ಯಂತ್ರಗಳ ಕಣ್ಣು ತಪ್ಪಿಸುವ ಸಾಧ್ಯತೆ ಹೆಚ್ಚು. ಜೊತೆಗೆ ನಿಮ್ಮನ್ನು ಕಚೇರಿಯ ಕಾವಲಿರುವ ಕಂಪ್ಯೂಟರಿನಿಂದ ಕಾವಲಿಲ್ಲದ ಫೋನಿಗೆ ಸಾಗಿಸುತ್ತದೆ. ಲಗತ್ತಿಸಿದ ಎಚ್‌ಟಿಎಂಎಲ್ (ವೆಬ್ ಪುಟದ) ಕಡತ ಅದರ ಸೋದರ. ತೆರೆದರೆ ಲಾಗಿನ್ ಪುಟ ಬರುತ್ತದೆ, ಪಟ್ಟಿಯಲ್ಲಿ ಮಾತ್ರ ‘ಫೈಲ್’ ಎಂದು ಶುರುವಾಗುವ ನಿಮ್ಮದೇ ಕಂಪ್ಯೂಟರಿನ ವಿಳಾಸ. ಪಾಸ್‌ವರ್ಡ್ ಹಾಕಿದ ಜಿಪ್ ಕಡತ ಕಳಿಸಿ, ಪಾಸ್‌ವರ್ಡನ್ನು ಅದೇ ಮೇಲ್‌ನಲ್ಲಿ ಬರೆದಿದ್ದರೆ ನಿಮ್ಮ ಗೋಪ್ಯತೆ ಕಾಯಲು ಹಾಗೆ ಮಾಡಿದ್ದಲ್ಲ. ವೈರಸ್ ತಪಾಸಣೆ ಒಳಗೆ ಇಣುಕದಿರಲಿ ಎಂದು.

ಇಷ್ಟೆಲ್ಲ ನೋಡಲು ಪುರುಸೊತ್ತಿಲ್ಲ ಎನ್ನುವವರಿಗೆ ಒಂದೇ ಅಭ್ಯಾಸ ಸಾಕು. ಮೇಲ್ ಹೇಳಿದ ಸುದ್ದಿಯನ್ನು ಬೇಕಾದರೆ ನಂಬಿ, ಅದು ತೋರಿಸಿದ ದಾರಿಯಲ್ಲಿ ಹೋಗಬೇಡಿ. ಖಾತೆಗೆ ತೊಂದರೆ ಎಂದಿತೇ, ಮೇಲ್ ಮುಚ್ಚಿ, ಫೋನಿನಲ್ಲಿ ಮೊದಲೇ ಇರುವ ಆ್ಯಪ್ ತೆರೆಯಿರಿ, ಅಥವಾ ನೀವೇ ಉಳಿಸಿಟ್ಟ ಬುಕ್‌ಮಾರ್ಕ್‌ನಿಂದ ಹೋಗಿ. ತೊಂದರೆ ನಿಜವಾಗಿದ್ದರೆ ಬಹುಮಟ್ಟಿಗೆ ಅಲ್ಲಿ ಸೂಚನೆ ಕಾದಿರುತ್ತದೆ. ಗೂಗಲ್‌ನಲ್ಲಿ ಹುಡುಕಿ ಮೊದಲು ಸಿಕ್ಕಿದ್ದನ್ನು ಒತ್ತಬೇಡಿ. ಮೇಲಿನ ಸಾಲಿನಲ್ಲಿ ಬರುವ ಜಾಹೀರಾತುಗಳಲ್ಲಿ ನಕಲಿ ಲಾಗಿನ್ ಪುಟಗಳೂ ನಕಲಿ ಸಹಾಯವಾಣಿಗಳೂ ಸೇರಿಕೊಂಡಿರುತ್ತವೆ.

ಈ ಒಂದು ಅಭ್ಯಾಸದ ಬೆಲೆ ಎಷ್ಟು ಎಂಬುದಕ್ಕೆ ಜಗತ್ತಿಗೇ ಗೊತ್ತಿರುವ ನಿದರ್ಶನ ಇದೆ. 2016ರ ಮಾರ್ಚ್ 19ರಂದು ಹಿಲರಿ ಕ್ಲಿಂಟನ್ ಅವರ ಚುನಾವಣಾ ಪ್ರಚಾರದ ಮುಖ್ಯಸ್ಥ ಜಾನ್ ಪೊಡೆಸ್ಟಾ ಅವರಿಗೆ ಗೂಗಲ್ ಹೆಸರಿನಲ್ಲಿ ಮೇಲ್ ಬಂತು. ಯುಕ್ರೇನಿನಿಂದ ಯಾರೋ ನಿಮ್ಮ ಪಾಸ್‌ವರ್ಡ್ ಬಳಸಿದ್ದಾರೆ, ಕೂಡಲೇ ಬದಲಾಯಿಸಿ ಎಂದಿತ್ತು. ಬಟನ್ ಹಿಂದೆ ಇದ್ದದ್ದು ಎಲ್ಲಿಗೆ ಹೋಗುತ್ತದೆ ಎಂದು ಕಾಣದಂತೆ ಚುಟುಕುಗೊಳಿಸಿದ ಲಿಂಕ್. ಸಿಬ್ಬಂದಿ ತಾಂತ್ರಿಕ ಸಹಾಯಕರನ್ನು ಕೇಳಿದರು. ಇದು ಅಸಲಿ ಮೇಲ್, ಪಾಸ್‌ವರ್ಡ್ ಈಗಲೇ ಬದಲಾಯಿಸಬೇಕು ಎಂದು ಸಹಾಯಕ ಉತ್ತರಿಸಿದ. ಅಸಲಿಯಲ್ಲ ಎಂದು ಬರೆಯಹೋಗಿ ಹಾಗಾಯಿತು ಎಂದು ಆಮೇಲೆ ಹೇಳಿಕೊಂಡ. ಸ್ವಾರಸ್ಯ ಇರುವುದು ಮುಂದಿನ ಸಾಲಿನಲ್ಲಿ. ಪಾಸ್‌ವರ್ಡ್ ಬದಲಾಯಿಸಲು ಗೂಗಲ್‌ನ ನಿಜವಾದ ವಿಳಾಸವನ್ನೂ ಅವನು ಅದೇ ಉತ್ತರದಲ್ಲಿ ಬರೆದಿದ್ದ. ಅದನ್ನು ಬಳಸಿದ್ದರೆ ಆ ತಪ್ಪು ಪದದಿಂದ ಏನೂ ಕೆಡುತ್ತಿರಲಿಲ್ಲ. ಒತ್ತಿದ್ದು ಮೇಲ್‌ನಲ್ಲಿದ್ದ ಬಟನ್ನನ್ನು. ಅಕ್ಟೋಬರ್ ಹೊತ್ತಿಗೆ ಅವರ ಪತ್ರವ್ಯವಹಾರ ಗುಟ್ಟಿನ ದಾಖಲೆಗಳನ್ನು ಬಯಲು ಮಾಡುವ ತಾಣವಾದ ವಿಕಿಲೀಕ್ಸ್‌ನಲ್ಲಿ ಜಗಜ್ಜಾಹೀರಾಯಿತು.

ಒಟಿಪಿ ಇದೆಯಲ್ಲ, ಪಾಸ್‌ವರ್ಡ್ ಹೋದರೇನು ಎಂಬ ನೆಮ್ಮದಿಯೂ ಬೇಡ. ಈಗಿನ ನಕಲಿ ಪುಟಗಳಲ್ಲಿ ಬಹಳಷ್ಟು ಬರೀ ಚಿತ್ರಪಟಗಳಲ್ಲ, ದಲ್ಲಾಳಿಗಳು. ನೀವು ಟೈಪ್ ಮಾಡಿದ ಪಾಸ್‌ವರ್ಡನ್ನು ಆ ಕ್ಷಣವೇ ಅಸಲಿ ತಾಣಕ್ಕೆ ದಾಟಿಸುತ್ತವೆ. ಅಸಲಿ ತಾಣ ನಿಮಗೆ ಅಸಲಿ ಒಟಿಪಿಯನ್ನೇ ಕಳಿಸುತ್ತದೆ. ನೀವು ಅದನ್ನು ನಕಲಿ ಪುಟದಲ್ಲಿ ಬರೆಯುತ್ತೀರಿ, ಅದೂ ದಾಟುತ್ತದೆ. ಒಟಿಪಿಯನ್ನು ಫೋನಿನಲ್ಲೇ ತಯಾರಿಸುವ ಅಥೆಂಟಿಕೇಟರ್ ಆ್ಯಪ್‌ನ ಆರಂಕಿಯ ಕೋಡ್ 30 ಸೆಕೆಂಡಿಗೊಮ್ಮೆ ಬದಲಾದರೂ ಯಂತ್ರಕ್ಕೆ ಅಷ್ಟು ಹೊತ್ತು ಧಾರಾಳ ಸಾಕು. ಲಾಗಿನ್ ಆದ ಗುರುತಾಗಿ ಅಸಲಿ ತಾಣ ಕೊಡುವ ಸೆಷನ್ ಕುಕಿ ಕಳ್ಳನ ಕೈ ಸೇರುತ್ತದೆ. ಅಲ್ಲಿಂದ ಮುಂದೆ ಅವನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ.

ಇದಕ್ಕೆ ಮದ್ದು ಪಾಸ್‌ವರ್ಡಿನ ಬದಲು ಫೋನು ಅಥವಾ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವ ಗುಟ್ಟಿನ ಕೀಲಿಯಾದ ಪಾಸ್‌ಕೀ, ಅಥವಾ ಯುಎಸ್‌ಬಿಗೆ ಸಿಕ್ಕಿಸುವ ಸೆಕ್ಯೂರಿಟಿ ಕೀ. ಬೆರಳಚ್ಚೋ ಪಿನ್ನೋ ಕೊಟ್ಟು ಒಪ್ಪಿಗೆ ಸೂಚಿಸುವವರು ನಾವಾದರೂ ಗುಟ್ಟಿನ ಕೀಲಿ ಯಾವ ಡೊಮೇನಿಗೆ ತಯಾರಾಗಿದೆಯೋ ಅದಕ್ಕೆ ಮಾತ್ರ ಉತ್ತರ ಕೊಡುತ್ತದೆ. ನಕಲಿ ಪುಟ ಎಷ್ಟೇ ಚೆಂದವಿದ್ದರೂ ಅದರ ಡೊಮೇನ್ ಬೇರೆ, ಕೀಲಿ ಮೂಕ. ನಮ್ಮ ಕಣ್ಣು ಮಾಡಬೇಕಾದ ಕೆಲಸವನ್ನು ಬ್ರೌಸರೇ ಮಾಡುತ್ತದೆ. 2017ರ ಆರಂಭದಲ್ಲಿ ಸಿಬ್ಬಂದಿಗೆ ಇಂಥ ಕೀ ಕಡ್ಡಾಯ ಮಾಡಿದ ಮೇಲೆ, 85,000ಕ್ಕೂ ಹೆಚ್ಚು ನೌಕರರಲ್ಲಿ ಒಬ್ಬರ ಕೆಲಸದ ಖಾತೆಯೂ ಫಿಶಿಂಗ್‌ಗೆ ಬಲಿಯಾಗಿಲ್ಲ ಎಂದು ಗೂಗಲ್ 2018ರಲ್ಲಿ ಹೇಳಿತ್ತು. 2022ರಲ್ಲಿ ಕ್ಲೌಡ್‌ಫ್ಲೇರ್ ನೌಕರರಿಗೆ ಎಸ್‌ಎಂಎಸ್ ಮೂಲಕ ಫಿಶಿಂಗ್ ಲಿಂಕ್ ಬಂತು. ಆ ನಕಲಿ ಡೊಮೇನ್ ನೋಂದಣಿಯಾಗಿ 40 ನಿಮಿಷವೂ ಆಗಿರಲಿಲ್ಲ. ಮೂವರು ಪಾಸ್‌ವರ್ಡ್ ಕೊಟ್ಟೇಬಿಟ್ಟರು. ಭದ್ರತೆಯೇ ಕಸುಬಾದ ಕಂಪನಿಯಲ್ಲೂ ಮೂವರು, ಗಮನಿಸಿ. ಕಳ್ಳರಿಗೆ ಒಳಗೆ ಹೋಗಲು ಆಗದಿದ್ದದ್ದು ಕೀ ಇದ್ದುದರಿಂದ.

ಪಾಸ್‌ಕೀ ಇಲ್ಲದ ತಾಣಗಳಲ್ಲಿ ಪಾಸ್‌ವರ್ಡ್ ಮ್ಯಾನೇಜರ್ ಅರ್ಧ ಕೆಲಸ ಮಾಡುತ್ತದೆ; ಪಾಸ್‌ವರ್ಡನ್ನು ಯಾವ ಡೊಮೇನಿಗೆ ಉಳಿಸಿದ್ದೇವೋ ಅಲ್ಲಿ ಮಾತ್ರ ಅದು ತಾನಾಗಿ ತುಂಬುತ್ತದೆ. ದಿನಾ ತಾನಾಗಿ ತುಂಬುತ್ತಿದ್ದ ಪಾಸ್‌ವರ್ಡನ್ನು ಇವತ್ತು ತುಂಬಲಿಲ್ಲ ಎಂದರೆ, ಅದು ಕೆಟ್ಟಿದೆ ಎಂದು ಕೈಯಾರೆ ನಕಲು ಮಾಡಿ ಅಂಟಿಸುವ ಮೊದಲು ಪಟ್ಟಿಯ ವಿಳಾಸ ನೋಡಿ.

ಪಾಸ್‌ವರ್ಡನ್ನೇ ಕೇಳದ ಬಗೆಯೂ ಉಂಟು. 2017ರ ಮೇ 3ರಂದು ಗೂಗಲ್ ಡಾಕ್ಸ್ ಹಂಚಿಕೆಯ ಆಹ್ವಾನದಂತಿದ್ದ ಮೇಲ್ ಕಾಳ್ಗಿಚ್ಚಿನಂತೆ ಹಬ್ಬಿತು. ಒತ್ತಿದರೆ ತೆರೆಯುತ್ತಿದ್ದುದು ಗೂಗಲ್‌ನ ಅಸಲಿ ಪುಟವೇ. ‘ಗೂಗಲ್ ಡಾಕ್ಸ್’ ಎಂದು ತನಗೆ ತಾನೇ ಹೆಸರಿಟ್ಟುಕೊಂಡ ಹೊರಗಿನ ಆ್ಯಪ್ ಒಂದು ಮೇಲ್ ಓದಲು, ಸಂಪರ್ಕ ಪಟ್ಟಿ ನೋಡಲು ಅನುಮತಿ ಕೇಳುತ್ತಿತ್ತು. ಒಪ್ಪಿದವರ ಪಟ್ಟಿಯಲ್ಲಿದ್ದವರಿಗೆಲ್ಲ ಅದೇ ಮೇಲ್ ಹೋಗುತ್ತಿತ್ತು. ಗೂಗಲ್ ಸುಮಾರು ಒಂದು ಗಂಟೆಯಲ್ಲಿ ತಡೆಯಿತು. ಇಲ್ಲಿ ವಿಳಾಸ ಸರಿ, ಪುಟ ಸರಿ. ನೋಡಬೇಕಾದ್ದು ಯಾರು ಏನನ್ನು ಕೇಳುತ್ತಿದ್ದಾರೆ ಎಂಬುದನ್ನು. ಹಾಗೆಯೇ, ಹೆಸರಾಂತ ಪಾವತಿ ಸೇವೆಯ ಅಸಲಿ ಇನ್‌ವಾಯ್ಸ್ ಸೌಲಭ್ಯ ಬಳಸಿ, ಟಿಪ್ಪಣಿಯ ಜಾಗದಲ್ಲಿ ‘ನೀವು ಖರೀದಿಸದಿದ್ದರೆ ಈ ಸಂಖ್ಯೆಗೆ ಕರೆಮಾಡಿ’ ಎಂದು ಬರೆದು ಕಳಿಸುವವರಿದ್ದಾರೆ. ಮೇಲ್ ಎಲ್ಲ ತಪಾಸಣೆಯಲ್ಲೂ ಪಾಸ್, ಏಕೆಂದರೆ ಅದು ಆ ಸೇವೆಯೇ ಕಳಿಸಿದ್ದು. ವಂಚನೆ ಇರುವುದು ಫೋನ್ ನಂಬರಿನಲ್ಲಿ.

ಆಗಬಾರದ್ದು ಆಗಿಹೋದರೆ? ಲಿಂಕ್ ಒತ್ತಿ ಏನೂ ಬರೆಯದೆ ಮುಚ್ಚಿದ್ದರೆ ಬ್ರೌಸರನ್ನು ಹೊಸ ಆವೃತ್ತಿಗೆ ಏರಿಸಿ ಸುಮ್ಮನಿರಬಹುದು. ಕಡತ ಇಳಿಸಿ ತೆರೆದಿದ್ದರೆ ಕಂಪ್ಯೂಟರಿನ ಇಂಟರ್ನೆಟ್ ಕಿತ್ತು, ಮುಂದಿನದನ್ನೆಲ್ಲ ಬೇರೆ ಸಾಧನದಿಂದ ಮಾಡಬೇಕು. ಪಾಸ್‌ವರ್ಡ್ ಕೊಟ್ಟಿದ್ದರೆ ಅಸಲಿ ತಾಣಕ್ಕೆ ಹೋಗಿ ಕೂಡಲೇ ಬದಲಾಯಿಸಿ. ಹೆಚ್ಚಿನವರು ಇಲ್ಲಿಗೇ ನಿಲ್ಲುತ್ತಾರೆ, ಅದು ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಕಳ್ಳ ಒಳಗೆ ಬಂದವನೇ ಮಾಡುವ ಕೆಲಸ ಮತ್ತೆ ಬರಲು ದಾರಿ ಮಾಡಿಕೊಳ್ಳುವುದು. ಹಾಗಾಗಿ ಎಲ್ಲ ಸಾಧನಗಳಿಂದ ಲಾಗೌಟ್ ಮಾಡಿಸಿ. ಖಾತೆ ಮರಳಿ ಪಡೆಯಲು ಕೊಟ್ಟಿರುವ ಫೋನ್ ನಂಬರ್, ಬದಲಿ ಇಮೇಲ್ ನಿಮ್ಮವೇನಾ ನೋಡಿ. ನಿಮಗೆ ಗೊತ್ತಿಲ್ಲದ ಪಾಸ್‌ಕೀ, ಅಥೆಂಟಿಕೇಟರ್ ಸೇರಿದ್ದರೆ ತೆಗೆಯಿರಿ. ಅನುಮತಿ ಪಡೆದ ಹೊರಗಿನ ಆ್ಯಪ್‌ಗಳ ಪಟ್ಟಿ ತೆರೆದು ಅಪರಿಚಿತವಾದದ್ದನ್ನು ರದ್ದುಮಾಡಿ. ಪಾಸ್‌ವರ್ಡ್ ಬದಲಾದ ಮಾತ್ರಕ್ಕೆ ಆ ಅನುಮತಿ ತಾನಾಗಿ ಹೋಗುತ್ತದೆ ಎಂದುಕೊಳ್ಳಬೇಡಿ.

ಎಲ್ಲಕ್ಕಿಂತ ಹೆಚ್ಚು ಮರೆಯುವುದು ಮೇಲ್ ಫಿಲ್ಟರ್‌ಗಳನ್ನು. ಬರುವ ಮೇಲ್‌ಗಳ ಪ್ರತಿ ಕಳ್ಳನಿಗೆ ಹೋಗುವಂತೆ, ‘ಸೆಕ್ಯೂರಿಟಿ’ ಎಂಬ ಪದ ಇರುವ ಎಚ್ಚರಿಕೆಗಳು ನಿಮಗೆ ಕಾಣದೆ ಕಸದ ಬುಟ್ಟಿ ಸೇರುವಂತೆ ಒಂದು ಸಾಲಿನ ನಿಯಮ ಹಾಕಿಟ್ಟರೆ ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ. ಜಿಮೇಲ್‌ನಲ್ಲಿ ಇದನ್ನು ನೋಡಲು ಫೋನಿನ ಆ್ಯಪ್ ಸಾಲದು; ಕಂಪ್ಯೂಟರಿನ ಬ್ರೌಸರ್‌ನಲ್ಲಿ ಸೆಟ್ಟಿಂಗ್ಸ್ ತೆರೆದು ಫಿಲ್ಟರ್‌ಗಳು, ಫಾರ್ವರ್ಡಿಂಗ್ ಎರಡೂ ವಿಭಾಗ ನೋಡಬೇಕು. ಅದೇ ಪಾಸ್‌ವರ್ಡನ್ನು ಬೇರೆಲ್ಲೆಲ್ಲಿ ಬಳಸಿದ್ದೀರೋ ಅಲ್ಲೆಲ್ಲ ಬದಲಾಯಿಸಿ. ಹಣದ ಖಾತೆಯಾದರೆ ಕಾರ್ಡಿನ ಹಿಂದೆ ಮುದ್ರಿಸಿದ ನಂಬರಿಗೆ ಮೊದಲು ಫೋನ್ ಮಾಡಿ, ಉಳಿದದ್ದು ಆಮೇಲೆ. ಮೋಸದ ಮೇಲನ್ನು ಸಿಟ್ಟಿಗೆ ಅಳಿಸಬೇಡಿ. ದೂರು ಕೊಡುವಾಗ ಅದರ ಪೂರ್ತಿ ಹೆಡರ್, ಅಂದರೆ ಅದು ಬಂದ ದಾರಿಯ ದಾಖಲೆ, ಬೇಕಾಗುತ್ತದೆ, ಸ್ಕ್ರೀನ್‌ಶಾಟ್‌ನಲ್ಲಿ ಅದು ಇರುವುದಿಲ್ಲ. ಮೇಲನ್ನೇ ಲಗತ್ತಾಗಿ ಕಳಿಸಬೇಕು.

ಕೊನೆಗೆ ಎರಡು ದೂರು. ಒಂದು ಕಂಪನಿಗಳ ಮೇಲೆ. ಲಿಂಕ್ ಒತ್ತಬೇಡಿ ಎಂದು ಗ್ರಾಹಕರಿಗೆ ಬುದ್ಧಿ ಹೇಳುವ ಸಂಸ್ಥೆಗಳೇ ಮರುದಿನ ‘ಇಂದೇ ಕೊನೆಯ ದಿನ, ಇಲ್ಲಿ ಒತ್ತಿ’ ಎಂದು, ತಮ್ಮ ಹೆಸರೇ ಇಲ್ಲದ ಮೂರನೆಯವರ ಡೊಮೇನಿನ ಲಿಂಕ್ ಹಾಕಿ ಮೇಲ್ ಕಳಿಸುತ್ತವೆ. ಕಳ್ಳರಿಗೆ ಬೇಕಾದ ಅಭ್ಯಾಸವನ್ನು ಗ್ರಾಹಕರಿಗೆ ಮಾಡಿಸುತ್ತಿರುವವರು ಇವರೇ. ಎಲ್ಲ ಲಿಂಕ್‌ಗಳೂ ಒಂದೇ ಡೊಮೇನಿನಲ್ಲಿ ಇರುವಂತೆ ನೋಡಿಕೊಳ್ಳಲು ದೊಡ್ಡ ಖರ್ಚೇನೂ ಇಲ್ಲ.

ಇನ್ನೊಂದು ಪತ್ರಿಕೆಗಳ ಮೇಲೆ. ಈ ವಿಷಯದ ವರದಿ ಬಂದಾಗಲೆಲ್ಲ ಮುಸುಕು ಹಾಕಿಕೊಂಡು ಕತ್ತಲಲ್ಲಿ ಕೀಬೋರ್ಡ್ ಕುಟ್ಟುವವನ ಚಿತ್ರ ಇರುತ್ತದೆ. ಆ ಮೂರು ಕಾಲಂ ಜಾಗದಲ್ಲಿ ಒಂದು ಅಸಲಿ ವಿಳಾಸ, ಅದರ ಕೆಳಗೆ ಒಂದು ನಕಲಿ ವಿಳಾಸ ದಪ್ಪಕ್ಷರದಲ್ಲಿ ಹಾಕಿ, ಮೊದಲ ಒಂಟಿ ಓರೆಗೆರೆಯಿಂದ ಎಡಕ್ಕೆ ಒಂದು ಬಾಣದ ಗುರುತು ಕೊಡಿ. ಕತ್ತರಿಸಿ ಕಂಪ್ಯೂಟರಿನ ಪಕ್ಕ ಅಂಟಿಸಿಕೊಳ್ಳುವವರು ಸಿಕ್ಕೇ ಸಿಗುತ್ತಾರೆ.

ಇತಿ,
ಇಮೇಲ್ ವ್ಯವಸ್ಥೆಯ ಕೆಲಸ ಬಲ್ಲ ಓದುಗ